ಮೇಷ್ಟ್ರು ಕ್ಷಮೆ ಕೇಳಿದ ದಿನ

ನಮಗೆ ಬೈಬಲ್ ಪಾಠ ಹೇಳುತ್ತಿದ್ದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಪಾಠಗಳೆಲ್ಲ ಹೆಚ್ಚುಕಡಿಮೆ ಮರೆತುಹೋಗಿವೆ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಮಾತ್ರ ಹಾಗೇ ಉಳಿದಿದೆ.

ಒಂದು ದಿನ ಅವರ ಕುರ್ಚಿಯ ಮೇಲೆ ನಾನು ಇಂಕು ಸುರಿದಿಟ್ಟೆ. ಅವರು ನೋಡದೆ ಕೂತುಬಿಟ್ಟರು. ಮೊದಲ ಬೆಂಚಿನ ಹುಡುಗನ ಬೆರಳಲ್ಲಿ ಇಂಕಿನ ಕಲೆ ಕಂಡದ್ದೇ ತಡ, ಅವನು ಏನು ಹೇಳುತ್ತಿದ್ದಾನೆ ಅಂತಲೂ ಕೇಳದೆ ಕೆನ್ನೆಗೆ ಬಾರಿಸಿ ಹೊರಗೆ ನಿಲ್ಲಿಸಿದರು. ನಾನು ಸುಮ್ನೆ ಕೂತಿದ್ದೆ. ಸಂಜೆ ತಡೆಯಲಾಗದೆ ಹೋಗಿ ಒಪ್ಪಿಕೊಂಡೆ. ಬೈಯಲಿಲ್ಲ, ಹೊಡೆಯಲಿಲ್ಲ. "ನಾಳೆ ಕ್ಲಾಸಿಗೆ ತಪ್ಪದೆ ಬಾ" ಅಂದರು, ಅಷ್ಟೇ.

ಮರುದಿನ ಅವರು ನೇರ ಆ ಹುಡುಗನ ಹತ್ತಿರ ಹೋಗಿ, ಎಲ್ಲರೆದುರು, "ನಿನ್ನ ಮಾತು ಕೇಳದೆ ಹೊಡೆದೆ. ತಪ್ಪು ನನ್ನದು, ಕ್ಷಮಿಸಪ್ಪ" ಅಂದರು. ಇಡೀ ಕ್ಲಾಸು ಉಸಿರು ಬಿಗಿಹಿಡಿದಿತ್ತು. ಆಮೇಲೆ ತೆಗೆದದ್ದು ಯೋಹಾನ 13. ಯೇಸು ಊಟದಿಂದ ಎದ್ದು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು. ಆಗ ಅದು ಆಳು ಮಾಡುವ ಕೆಲಸ. ಶಿಷ್ಯರಲ್ಲೊಬ್ಬನಾದ ಪೇತ್ರ ಬೇಡವೇ ಬೇಡ ಅಂದ. "ಅದು ವಿನಯ ಅಂದ್ಕೊಂಡ್ರಾ? ತೊಳೆಸಿಕೊಳ್ಳೋಕೂ ತಗ್ಗಬೇಕು ಕಣ್ರೋ" ಅಂದರು ಮೇಷ್ಟ್ರು. ಆ 12 ಶಿಷ್ಯರಲ್ಲಿ ಯೇಸುವನ್ನು ಹಿಡಿದುಕೊಡಲಿದ್ದ ಯೂದನೂ ಇದ್ದ, ಅವನ ಕಾಲನ್ನೂ ತೊಳೆದರು, ಅವನು ಎದ್ದು ಹೋದದ್ದು ಆಮೇಲೆ ಎಂದಾಗ ನನಗೆ ತಲೆ ಎತ್ತಲು ಆಗಲಿಲ್ಲ. ನನ್ನ ಹೆಸರು ಅವರ ಬಾಯಿಂದ ಬರಲೇ ಇಲ್ಲ. ಶಿಕ್ಷೆ ಕೊಟ್ಟಿದ್ದರೆ ಅವತ್ತೇ ಮರೆತಿರುತ್ತಿದ್ದೆ.

ಈಗ ಮಕ್ಕಳಿಗೆ ಬೈಬಲ್ ವಚನ ಬಾಯಿಪಾಠ ಮಾಡಿಸಿ, ಕ್ವಿಜ್ ಇಟ್ಟು, ಬಹುಮಾನ ಕೊಡುತ್ತೇವೆ. ಲೂಕನ ಸುವಾರ್ತೆ 18ರ, ಉಳಿದವರಿಗಿಂತ ತಾನೇ ಮೇಲು ಅಂತ ಪ್ರಾರ್ಥಿಸಿದ ಧರ್ಮನಿಷ್ಠ ಫರಿಸಾಯ ಮತ್ತು ತಗ್ಗಿ ಕರುಣೆ ಬೇಡಿದ ಸುಂಕದವನ ಕಥೆ ಬರೆದು ಫುಲ್ ಮಾರ್ಕ್ಸ್ ತೆಗೆದ ಮಗು, ಪಕ್ಕದವನಿಗಿಂತ ನಾನೇ ಜಾಸ್ತಿ ಅಂದುಕೊಂಡು ಮನೆಗೆ ಹೋದರೆ ಏನು ಬಂತು? ನಾನೂ 20 ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ತಪ್ಪಾದರೆ ಮಕ್ಕಳ ಮುಂದೆಯೇ ಒಪ್ಪಿಕೊಳ್ಳುತ್ತೇನೆ. ಅದಕ್ಕೇ ಅವರು, ಅಪ್ಪ ಅಮ್ಮನಿಗೂ ಹೇಳದ್ದನ್ನು, ನನ್ನ ಹತ್ತಿರ ಮನಸ್ಸು ಬಿಚ್ಚಿ ಹೇಳುತ್ತಾರೆ. ಆ ಹೆಮ್ಮೆ ನನಗಿದೆ.

ಆದರೆ ಒಬ್ಬನಿಗೆ ನಾನು ಹೇಳಿರಲಿಲ್ಲ. ಮೇಷ್ಟ್ರ ಸಮಾಧಿಯ ಹತ್ತಿರ ಆ ಮೊದಲ ಬೆಂಚಿನ ಹುಡುಗ ಸಿಕ್ಕ, ಈಗ ತಲೆ ಪೂರಾ ಬೆಳ್ಳಗಾಗಿದೆ. ಇಂಕು ಸುರಿದದ್ದು ನಾನು, ಕ್ಷಮಿಸು ಅಂದೆ.

"ಅವತ್ತೇ ಗೊತ್ತಿತ್ತು ಕಣೋ" ಅಂದು ಕೈ ಹಿಡಿದುಕೊಂಡ. ಜನ ಕರಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.