ಘಾನಾದಿಂದ ಬಂದ ಬಾಲ್ ಪೈಥಾನ್: ಮೊದಲ 96 ದಿನ

ದಿನ 1
ಬಾಲ್ ಪೈಥಾನ್ ಅಂದರೆ ಆಫ್ರಿಕಾದ ಒಂದು ಚಿಕ್ಕ ಹೆಬ್ಬಾವು. ಇವಳು ಬಂದ ಬಟ್ಟೆ ಚೀಲದ ಗಂಟು ಬಿಚ್ಚಿದೆ. ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡು ಉಂಡೆಯಾಗಿ ಕೂತಿದ್ದಳು. ತೂಕ 640 ಗ್ರಾಂ. ಬೆನ್ನುಮೂಳೆ ಬೆರಳಿಗೆ ತಾಗುತ್ತಿತ್ತು. ಪಕ್ಕೆಯ ಚರ್ಮ ಮಡಿಕೆ ಬಿದ್ದು ಹಾಗೇ ನಿಂತಿತ್ತು, ಅಂದರೆ ಮೈಯಲ್ಲಿ ನೀರಿಲ್ಲ. ಗದ್ದದ ಕೆಳಗೆ ಹುರುಪೆಗಳ ನಡುವೆ ಮೂರು ಉಣ್ಣಿ. ಉಣ್ಣಿಯ ಬಾಯಿಯ ತುಣುಕು ಚರ್ಮದೊಳಗೇ ಉಳಿಯದ ಹಾಗೆ ಚಿಮಟದಿಂದ ನಿಧಾನವಾಗಿ ಕಿತ್ತೆ.

ಪೆಟ್ಟಿಗೆಯಲ್ಲಿ ಬರೀ ಪೇಪರ್ ಟವೆಲ್, ಅಡಗಲು ಒಂದು ಡಬ್ಬ, ನೀರಿನ ಬಟ್ಟಲು. ಬಿಸಿ ಕಡೆ 32 ಡಿಗ್ರಿ, ತಂಪು ಕಡೆ 26. ಇಲಿ ಕೊಡಲಿಲ್ಲ. ಬಂದ ದಿನವೇ ತಿನ್ನಿಸಬೇಕು ಅಂತ ಅವಸರ ಪಡುವವರೇ ಜಾಸ್ತಿ. ಒಣಗಿದ ಮೈ ಆಹಾರ ಅರಗಿಸಿಕೊಳ್ಳಲಾರದು, ಕಕ್ಕಿಬಿಟ್ಟರೆ ಇನ್ನಷ್ಟು ಸೊರಗುತ್ತದೆ. ಮೊದಲು ನೀರು, ಬಿಸಿ, ಕತ್ತಲೆ.

ದಿನ 5
ನೀರಿನ ಬಟ್ಟಲಿನ ತಳದಲ್ಲಿ ಕಾಳುಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು. ಒಂದನ್ನು ಬಿಳಿ ಕಾಗದದ ಮೇಲೆ ಒತ್ತಿದೆ, ರಕ್ತದ ಗೆರೆ ಮೂಡಿತು. ಮೈಟ್, ಹಾವಿನ ರಕ್ತ ಹೀರುವ ಸಣ್ಣ ಹುಳ! ಹಾವು ದಿನವಿಡೀ ನೀರಲ್ಲೇ ಮಲಗಿದ್ದಕ್ಕೆ ಕಾರಣ ಇದೇ. ಕಣ್ಣಿನ ಸುತ್ತಲಿನ ಸಂದಿಯಲ್ಲೂ ನಾಲ್ಕೈದು ಕೂತಿದ್ದವು.

ಇವು ಮೊಟ್ಟೆ ಇಡುವುದು ಹಾವಿನ ಮೈಮೇಲಲ್ಲ, ಪೆಟ್ಟಿಗೆಯ ಬಿರುಕುಗಳಲ್ಲಿ. ಬೆಚ್ಚಗಿದ್ದರೆ ಎರಡು ವಾರ ಚಿಲ್ಲರೆಯಲ್ಲಿ ಹೊಸ ಪೀಳಿಗೆ ತಯಾರು. ಹಾಗಾಗಿ ಒಂದು ಸಲ ಔಷಧಿ ಹಾಕಿ ಸುಮ್ನಾದರೆ ಆಗಲ್ಲ. ದಿನಾ ಪೇಪರ್ ಬದಲಿಸಿ, ಪೆಟ್ಟಿಗೆಯನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದೇನೆ. ಡಾಕ್ಟ್ರು ಐವರ್ಮೆಕ್ಟಿನ್ ಕೊಟ್ಟರು. ಮನೆಯಲ್ಲಿ ಆಮೆ ಇರುವವರು ಇದನ್ನು ಅದರ ಹತ್ತಿರವೂ ತರಬೇಡಿ, ಆಮೆಗೆ ಇದು ಪ್ರಾಣಾಂತಿಕ.

ದಿನ 12
ರಾತ್ರಿ ಪೆಟ್ಟಿಗೆ ಹತ್ತಿರ ಕಿವಿ ಇಟ್ಟರೆ ಸಣ್ಣಗೆ ಸಿಳ್ಳೆ. ಬೆಳಗ್ಗೆ ಬಾಯಿಯ ಅಂಚಲ್ಲಿ ಗುಳ್ಳೆ, ತಲೆ ಮೇಲೆತ್ತಿ ಉಸಿರಾಡುತ್ತಿದ್ದಳು. ನೋಡಿದರೆ ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟಿನ ಪ್ರೋಬ್ (ಶಾಖ ಅಳೆಯುವ ತಂತಿ) ಜಾರಿ ಬಿಸಿ ಕಡೆಯೂ 24ಕ್ಕೆ ಇಳಿದಿದೆ. ತಪ್ಪು ನನ್ನದೇ. ಪ್ರೋಬನ್ನು ಈಗ ಎರಡು ಕಡೆ ಟೇಪ್ ಹಾಕಿ ಅಂಟಿಸಿದ್ದೇನೆ.

ಭಯವಾಗಿದ್ದು ನಿಡೋವೈರಸ್‌ಗೆ. ಹೆಬ್ಬಾವುಗಳ ಶ್ವಾಸಕೋಶ ಹಾಳುಮಾಡುವ ಈ ವೈರಸ್ ಬಾಲ್ ಪೈಥಾನ್‌ಗಳಲ್ಲಿದೆ ಅಂತ 2014ರಲ್ಲಿ ಗೊತ್ತಾಯಿತು. ಇದನ್ನು ಕೊಲ್ಲುವ ಔಷಧಿ ಇಲ್ಲ. ಗಂಟಲಿನಿಂದ ಸ್ವಾಬ್ ತೆಗೆದು ಕಳಿಸಿದೆವು. ಜೊತೆಗೆ ಬ್ಯಾಕ್ಟೀರಿಯಾ ಸೋಂಕಿಗೆ ಸೆಫ್ಟಾಜಿಡಿಮ್, 72 ಗಂಟೆಗೊಂದು ಇಂಜೆಕ್ಷನ್, ಮೈಯ ಮುಂಭಾಗದಲ್ಲಿ.

ದಿನ 21
ವೈರಸ್ ಇಲ್ಲ. ಸಿಳ್ಳೆಯೂ ನಿಂತಿದೆ. ಇವತ್ತು ಚೆನ್ನಾಗಿ ನಿದ್ದೆ ಮಾಡುತ್ತೇನೆ.

ದಿನ 38
ತೂಕ 618. ಬಿಳಿ ಇಲಿಯನ್ನು ಎರಡು ಸಲ ಮುಖ ತಿರುಗಿಸಿ ಬಿಟ್ಟಿದ್ದಳು. ಈ ಹಾವುಗಳು ತಿಂಗಳುಗಟ್ಟಲೆ ಉಪವಾಸ ಇರಬಲ್ಲವು, ಆದರೆ ಸೊರಗಿ ಬಂದ ಹಾವಿನ ಉಪವಾಸ ಬೇರೆ ಮಾತು, ಅಲ್ವಾ? ಆಫ್ರಿಕನ್ ಸಾಫ್ಟ್-ಫರ್ ಇಲಿ ತಂದೆ. ಇವಳ ಊರಿನ ಕಡೆ ಸಿಗುವ ಬೇಟೆ ಅದು. ಸತ್ತ ಇಲಿಯನ್ನು ಬೆಚ್ಚಗೆ ಮಾಡಿ, ದೀಪ ಆರಿಸಿ, ಡಬ್ಬದ ಬಾಗಿಲಲ್ಲಿ ಇಟ್ಟೆ. ನಾಲಿಗೆ ಹೊರಬಂತು, ಒಳಹೋಯಿತು. ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತಿದ್ದೆ. ಟಪ್ ಅಂತ ಹಿಡಿದಳು!

ದಿನ 47
ಮೊದಲ ಹಿಕ್ಕೆ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಸಿಕ್ಕಿವೆ. ಕಾಡಿಂದ ಬಂದ ಹಾವಲ್ಲಿ ಇದು ಸಾಮಾನ್ಯ. ಹುಳುವಿನ ಔಷಧಿ ಫೆನ್‌ಬೆಂಡಜೋಲ್ ಶುರು, ಎರಡು ವಾರ ಬಿಟ್ಟು ಮತ್ತೊಮ್ಮೆ.

ದಿನ 96
ತೂಕ 702. ಐದು ವಾರದಿಂದ ಒಂದು ಮೈಟೂ ಇಲ್ಲ. ನಿನ್ನೆ ಪೊರೆ ಬಿಟ್ಟಳು, ತಲೆಯಿಂದ ಬಾಲದವರೆಗೆ ಒಂದೇ ತುಂಡು. ಬೆಳಕಿಗೆ ಹಿಡಿದು ನೋಡಿದೆ, ಎರಡೂ ಕಣ್ಣುಗಳ ಮೇಲಿನ ಪೊರೆ ಗಾಜಿನ ಚುಕ್ಕೆಗಳ ಹಾಗೆ ಅದರಲ್ಲೇ ಇವೆ.

ಹೊಸ ಹಾವನ್ನು ಬೇರೆಯಾಗಿ ಇಡುವ 90 ದಿನ ಮುಗಿದರೂ ಇನ್ನೂ ಹಳೆಯ ಹಾವುಗಳ ಕೋಣೆಗೆ ತಂದಿಲ್ಲ. ಮೊದಲು ಅವುಗಳ ಕೆಲಸ, ಕೊನೆಗೆ ಇವಳದು, ಆಮೇಲೆ ಕೈ ತೊಳೆದು ಬಟ್ಟೆ ಬದಲಿಸುವುದು. ಎರಡನೇ ಹಿಕ್ಕೆ ಪರೀಕ್ಷೆಯ ವರದಿ ಸೋಮವಾರ ಬರುತ್ತದೆ.