ಬ್ಯಾಂಕಾಕಿನಿಂದ ಸಿಂಗಾಪುರದವರೆಗೆ ನೆಲದ ಮೇಲೆಯೇ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ದಂಪತಿಗಳಿಗೆ

ಏಳು ದಿನಕ್ಕೆ ಮೂರು ದೇಶ ತೋರಿಸುವ ಪ್ಯಾಕೇಜಿನಲ್ಲಿ ಬಹಳಷ್ಟು ಹೊತ್ತು ವಿಮಾನ ನಿಲ್ದಾಣದ ಸಾಲಿನಲ್ಲಿ, ಉಳಿದದ್ದು ಬಸ್ಸಿನ ಕಿಟಕಿಯ ಹಿಂದೆ ಕಳೆದುಹೋಗುತ್ತದೆ. ಗಂಡ-ಹೆಂಡತಿ ಇಬ್ಬರೇ ಹೊರಡುವುದಾದರೆ ಬ್ಯಾಂಕಾಕ್, ಪೆನಾಂಗ್, ಕ್ವಾಲಾಲಂಪುರ, ಸಿಂಗಾಪುರ ಈ ನಾಲ್ಕೇ ಊರು ಹಿಡಿಯಿರಿ, ಉತ್ತರದಿಂದ ದಕ್ಷಿಣಕ್ಕೆ ಒಂದೇ ದಿಕ್ಕಿನಲ್ಲಿ ಇಳಿಯಿರಿ. ವಿಮಾನ ಎರಡೇ: ಬೆಂಗಳೂರಿನಿಂದ ಬ್ಯಾಂಕಾಕಿಗೆ, ಸಿಂಗಾಪುರದಿಂದ ಬೆಂಗಳೂರಿಗೆ. ನಡುವಿನದೆಲ್ಲ ರೈಲು, ದೋಣಿ, ಬಸ್ಸು. ಬ್ಯಾಂಕಾಕಿಗೆ ಐದು ರಾತ್ರಿ, ರೈಲಿನಲ್ಲಿ ಒಂದು, ಪೆನಾಂಗಿಗೆ ನಾಲ್ಕು, ಉಳಿದ ಎರಡು ಊರಿಗೆ ಮೂರು ಮೂರು. ಇದಕ್ಕಿಂತ ಕಡಿಮೆ ದಿನ ಇದ್ದರೆ ಊರನ್ನು ಬಿಡಿ, ರಾತ್ರಿಗಳನ್ನು ಕತ್ತರಿಸಬೇಡಿ.

ಕಾಲದ ಲೆಕ್ಕ ಮೊದಲು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು, ಬಿಳಿಜೋಳದ ಸುಗ್ಗಿಗೆ ಮುಂಚೆ ಹೋಗಿಬಂದರೆ ಎರಡೂ ಕಡೆ ಅನುಕೂಲ. ಬ್ಯಾಂಕಾಕಿನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಸಹಿಸುವಂತಿರುತ್ತದೆ, ಏಪ್ರಿಲ್ ಅಂತೂ ನಮ್ಮ ಬಿಸಿಲಿಗೆ ಪಳಗಿದವರಿಗೂ ಕಷ್ಟ, ಏಕೆಂದರೆ ಅಲ್ಲಿಯದು ಬೆವರು ಆರದ ಸೆಖೆ. ನವೆಂಬರ್, ಡಿಸೆಂಬರಿನಲ್ಲಿ ದಕ್ಷಿಣ ಥಾಯ್ಲೆಂಡಿಗೆ ಜೋರು ಮಳೆ. 2025ರ ನವೆಂಬರಿನಲ್ಲಿ ಹಾಟ್ ಯಾಯ್ ಊರೇ ಮುಳುಗಿತ್ತು, ನಿಮ್ಮ ರೈಲು ಹೋಗುವುದು ಅದೇ ದಾರಿಯಲ್ಲಿ. ಚೀನೀ ಹೊಸ ವರ್ಷ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಆ ವಾರ ಪೆನಾಂಗ್, ಸಿಂಗಾಪುರದಲ್ಲಿ ಅಂಗಡಿ ಮುಚ್ಚಿರುತ್ತವೆ, ರೈಲು-ಬಸ್ಸು ತುಂಬಿರುತ್ತವೆ. ತಾರೀಖು ನೋಡಿಯೇ ಟಿಕೆಟ್ ತೆಗೆಯಿರಿ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಕೆಲಸ ಕೆಡುವುದು ಹೆಸರಿನಲ್ಲಿ. ನಮ್ಮ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರುತ್ತವೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಆಧಾರ್ ಒಂದು ಹೆಸರಿನಲ್ಲಿ, ಪಾಸ್‌ಪೋರ್ಟ್ ತವರಿನ ಹೆಸರಿನಲ್ಲಿ ಇರುವುದು ಸಾಮಾನ್ಯ. ಏಜೆಂಟರಿಗೆ ಫೋನಿನಲ್ಲಿ ಹೆಸರು ಹೇಳಿದರೆ ಅವರು ಗಂಡನ ಅಡ್ಡಹೆಸರನ್ನೇ ಇಬ್ಬರಿಗೂ ಹಾಕುತ್ತಾರೆ. ಚೆಕ್-ಇನ್ ಕೌಂಟರಿನಲ್ಲಿ ಅದು ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ, ಅಲ್ಲಿ ತಿದ್ದುಪಡಿಗೆ ಹಣವೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಫೋಟೊ ಇರುವ ಪುಟದ ಚಿತ್ರ ಕಳಿಸಿ, ಟಿಕೆಟ್ ಬಂದ ತಕ್ಷಣ ಅಕ್ಷರ ಅಕ್ಷರ ಹೋಲಿಸಿ ನೋಡಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಆ ವಿಮಾನ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹೇಳಿದ ರೀತಿಯಲ್ಲೇ ತುಂಬಬೇಕು. ಹಲವು ಕಂಪನಿಗಳು ಅದೇ ಹೆಸರನ್ನು ಎರಡೂ ಕಡೆ ಹಾಕಿಸುತ್ತವೆ.

ವೀಸಾ ಮೂರು ದೇಶಕ್ಕೆ ಮೂರು ತರಹ. ಥಾಯ್ಲೆಂಡ್ 2024ರ ಜುಲೈನಿಂದ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಬಿಡುವ ನಿಯಮ ಮಾಡಿತು. ಅವಧಿ ಕಡಿಮೆ ಮಾಡುವ ಮಾತು ಆಗಾಗ ಏಳುವುದರಿಂದ ಟಿಕೆಟಿಗೆ ಮೊದಲು ರಾಯಭಾರ ಕಚೇರಿಯ ಪುಟ ನೋಡಿ. ಮಲೇಷ್ಯಾದಲ್ಲಿ 2023ರ ಡಿಸೆಂಬರ್ 1ರಿಂದ 30 ದಿನ ಉಚಿತ ಪ್ರವೇಶ, ಅದನ್ನು 2026ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ಸಿಂಗಾಪುರಕ್ಕೆ ಮಾತ್ರ ವೀಸಾ ಬೇಕೇ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ, ಸರ್ಕಾರಿ ಶುಲ್ಕ 30 ಸಿಂಗಾಪುರ ಡಾಲರ್, ಮೇಲೆ ಏಜೆಂಟರ ಹಣ. ಫೋಟೊ ಬಿಳಿ ಹಿನ್ನೆಲೆಯ 35 ಗುಣಿಸು 45 ಮಿಲಿಮೀಟರಿನದು. ಸ್ಟುಡಿಯೋದಲ್ಲಿ ಬರೀ 'ಪಾಸ್‌ಪೋರ್ಟ್ ಸೈಜ್' ಎಂದರೆ ಬೇರೆ ಅಳತೆ ಕೊಡುತ್ತಾರೆ. ಇದಲ್ಲದೆ ಮೂರೂ ದೇಶಕ್ಕೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು, ಬಂದಿಳಿಯುವ ದಿನಕ್ಕೆ ಮೂರು ದಿನ ಮುಂಚಿನಿಂದ. ಮೂರೂ ಉಚಿತ. ಹಣ ಕೇಳುವ ಪುಟ ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಮಲೇಷ್ಯಾ, ಸಿಂಗಾಪುರದ ಕಾರ್ಡು ದಾರಿಯಲ್ಲೇ ತುಂಬಬೇಕಾದ್ದರಿಂದ ಇಬ್ಬರ ಪಾಸ್‌ಪೋರ್ಟಿನ ಚಿತ್ರವೂ ಇಬ್ಬರ ಫೋನಿನಲ್ಲೂ ಇರಲಿ.

ಬೆಂಗಳೂರಿನ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಒಂದಿದೆ: ಬ್ಯಾಂಕಾಕಿನಿಂದ ವಾಪಸು ಟಿಕೆಟ್ ಎಲ್ಲಿ? ನಿಮ್ಮದು ಸಿಂಗಾಪುರದಿಂದ. ಥಾಯ್ ರೈಲಿನ ಟಿಕೆಟ್, ಸಿಂಗಾಪುರ ವೀಸಾ, ಅಲ್ಲಿಂದ ಬೆಂಗಳೂರಿನ ಟಿಕೆಟ್, ಹೋಟೆಲ್ ಕಾಯ್ದಿರಿಸಿದ ಹಾಳೆ ಇಷ್ಟನ್ನೂ ಕಾಗದದಲ್ಲಿ ಮುದ್ರಿಸಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿ ಹುಡುಕುತ್ತ ನಿಂತರೆ ಹಿಂದಿನವರ ಗೊಣಗಾಟ ಬೇರೆ.

ಬೆಂಗಳೂರು ಸೇರುವ ವಿಷಯದಲ್ಲಿ ಒಂದೇ ಮಾತು: ರಾತ್ರಿ ರೈಲೋ ಸ್ಲೀಪರ್ ಬಸ್ಸೋ ಬೆಳಗ್ಗೆ ಮುಟ್ಟಿಸುತ್ತದೆಂದು ಅದೇ ಬೆಳಗಿನ ವಿಮಾನ ಹಿಡಿಯಬೇಡಿ. ಬೆಂಗಳೂರಿನ ವಿಮಾನ ನಿಲ್ದಾಣ ಮೆಜೆಸ್ಟಿಕ್‌ನಿಂದ ದೂರ, ಸಂಚಾರದ ಗೋಳು ಹೇಳುವುದೇ ಬೇಡ. ಬೆಳಗಾವಿಯಿಂದ 2025ರ ಆಗಸ್ಟಿನಲ್ಲಿ ಶುರುವಾದ ವಂದೇ ಭಾರತ್ ನಸುಕಿನಲ್ಲಿ ಹೊರಟು ಮಧ್ಯಾಹ್ನ ಮುಟ್ಟುತ್ತದೆ. ಮಧ್ಯರಾತ್ರಿಯ ವಿಮಾನಕ್ಕೆ ಅದು ಸರಿಹೊಂದುತ್ತದೆ. ವಿಜಯಪುರ, ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ಆದರೆ ಅದರ ನಿಧಾನ ಎಲ್ಲರಿಗೂ ಗೊತ್ತಿದ್ದದ್ದೇ.

ಹಣದ ವಿಷಯ ನಮ್ಮ ಜಿಲ್ಲೆಗಳಲ್ಲಿ ಬೇರೆಯೇ ಒಂದು ತೊಡಕು. ಬಹಳ ಜನರ ಖಾತೆ ಸಹಕಾರಿ ಬ್ಯಾಂಕಿನಲ್ಲೋ ಪತ್ತಿನ ಸಂಘದಲ್ಲೋ ಇರುತ್ತದೆ. ದೇಶದೊಳಗಷ್ಟೇ ನಡೆಯುವ ರುಪೇ ಕಾರ್ಡು ಅಲ್ಲಿ ಕೆಲಸಕ್ಕೆ ಬಾರದು. ಇಬ್ಬರ ಹತ್ತಿರವೂ ಬೇರೆ ಬೇರೆ ವೀಸಾ ಅಥವಾ ಮಾಸ್ಟರ್ ಕಾರ್ಡ್ ಇರಲಿ (ಯಾಕೆ ಬೇರೆ ಬೇರೆ ಎಂಬುದು ಸಿಂಗಾಪುರದಲ್ಲಿ ತಿಳಿಯುತ್ತದೆ). ಬ್ಯಾಂಕ್ ಆ್ಯಪಿನಲ್ಲಿ 'ವಿದೇಶಿ ಬಳಕೆ' ಮೊದಲೇ ಚಾಲೂ ಮಾಡಿ, ಒಟಿಪಿ ಬರಲು ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ. ಯಂತ್ರ 'ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲೋ' ಎಂದು ಕೇಳಿದರೆ ಯಾವಾಗಲೂ ಅಲ್ಲಿನ ಹಣ ಒತ್ತಿ. ರೂಪಾಯಿ ಒತ್ತಿದರೆ ದರ ಅವರದು. ಥಾಯ್ ಎಟಿಎಂ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಮೇಲೆ ಮುರಿದುಕೊಳ್ಳುತ್ತದೆ. ಹಾಗಾಗಿ ಚೂರು ಚೂರು ತೆಗೆಯದೆ ಒಮ್ಮೆಲೇ ತೆಗೆಯಿರಿ.

ಇನ್ನು ಬುತ್ತಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯುವುದು ಒಳ್ಳೆಯದೇ. ಆದರೆ ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ ಸರಕು. ಅಮೀನಗಡ, ಗೋಕಾಕದ ಕರದಂಟಿನಲ್ಲಿ ಹಲವರು ಗಸಗಸೆ ಹಾಕುತ್ತಾರೆ, ಅನಾರಸದ ಮೈಮೇಲೆ ಅದೇ ಅಂಟಿರುತ್ತದೆ. ಅಲ್ಲಿನ ನೆಂಟರಿಗೆಂದು ಡಬ್ಬಿ ಕಟ್ಟುವ ಮೊದಲು ಅಂಗಡಿಯವರನ್ನು ಕೇಳಿ, ಅನುಮಾನ ಇದ್ದರೆ ಬಿಟ್ಟುಬಿಡಿ. ಗುಟ್ಕಾ, ಖೈನಿ, ಜರ್ದಾ ಕೂಡ ಅಲ್ಲಿ ನಿಷಿದ್ಧ, ಜೇಬಿನಲ್ಲಿ ಮರೆತ ಒಂದು ಚೀಟಿಯೂ ಬೇಡ. ಇ-ಸಿಗರೇಟು ಥಾಯ್ಲೆಂಡಿನಲ್ಲೂ ಸಿಂಗಾಪುರದಲ್ಲೂ ಅಪರಾಧ. ನಿದ್ದೆ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಔಷಧಿಗೆ ಸಿಂಗಾಪುರದಲ್ಲಿ ಮುಂಗಡ ಅನುಮತಿ ಬೇಕಾಗಬಹುದು. ಬಿಪಿ, ಸಕ್ಕರೆ ಗುಳಿಗೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ, ಅವು ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕೂ ಕೈಚೀಲದಲ್ಲೇ. ನಮ್ಮ ಎರಡು ದುಂಡು ಕಡ್ಡಿಯ ಪ್ಲಗ್ ಥಾಯ್ಲೆಂಡಿನಲ್ಲಿ ಸಾಮಾನ್ಯವಾಗಿ ಕೂರುತ್ತದೆ. ಮಲೇಷ್ಯಾ, ಸಿಂಗಾಪುರದಲ್ಲಿ ಮೂರು ಚೌಕ ಕಡ್ಡಿಯದು, ಒಂದು ಅಡಾಪ್ಟರ್ ಬೇಕು.

ಬ್ಯಾಂಕಾಕಿನಲ್ಲಿ ಕೋಣೆ ಎಲ್ಲಿ ಹಿಡಿಯುತ್ತೀರಿ ಎಂಬುದೇ ಐದು ದಿನಗಳ ಸುಖದುಃಖ ತೀರ್ಮಾನಿಸುತ್ತದೆ. ಸಫಾನ್ ತಕ್ಸಿನ್ ನಿಲ್ದಾಣದ ಸುತ್ತ ಹಿಡಿಯಿರಿ. ಮೇಲೆ ಕಂಬಗಳ ಮೇಲೆ ಓಡುವ ಬಿಟಿಎಸ್ ರೈಲು, ಕೆಳಗಿಳಿದರೆ ಸಾಥೋರ್ನ್ ದೋಣಿಗಟ್ಟೆ. ಕಿತ್ತಳೆ ಬಾವುಟದ ದೋಣಿಗೆ ಎಷ್ಟು ದೂರ ಹೋದರೂ 16 ಬಾತ್. ಗಟ್ಟೆಯ ಬಾಗಿಲಲ್ಲೇ ನಿಂತು ಕರೆಯುವವರು ಮಾರುವುದು ಪ್ರವಾಸಿ ದೋಣಿಯ ದುಬಾರಿ ಟಿಕೆಟ್, ಅವರನ್ನು ದಾಟಿ ಮುಂದೆ ಹೋಗಿ. ಥಾ ಚಾಂಗ್‌ನಲ್ಲಿ ಇಳಿದರೆ ಅರಮನೆ, ಥಾ ತಿಯೆನ್‌ನಲ್ಲಿ ಇಳಿದರೆ ಮಲಗಿದ ಬುದ್ಧನ ವಾಟ್ ಫೋ. ಅದರ ಎದುರು ದಡದಲ್ಲಿ ವಾಟ್ ಅರುಣ್, ದಾಟುವ ದೋಣಿ ಬೇರೆ. ಅರಮನೆಗೆ ಒಬ್ಬರಿಗೆ 500 ಬಾತ್, ತೆರೆಯುವುದು ಎಂಟೂವರೆಗೆ, ಟಿಕೆಟ್ ಮೂರೂವರೆಗೇ ಬಂದ್. ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆ, ಚೂಡಿದಾರ್‌ಗೆ ತಕರಾರಿಲ್ಲ, ಚಡ್ಡಿ ಹಾಕಿಬಂದ ಗಂಡಸರಿಗೆ ಬಾಗಿಲಲ್ಲೇ ತಡೆ. ಹೊರಗೆ ಯಾರಾದರೂ ಮರ್ಯಾದಸ್ತನಂತೆ ಬಂದು 'ಇವತ್ತು ಅರಮನೆ ಮುಚ್ಚಿದೆ, ಬೇರೆ ಗುಡಿ ತೋರಿಸುತ್ತೇನೆ' ಎಂದರೆ ನಂಬಬೇಡಿ. ಅವನು ಹತ್ತಿಸುವ ಟುಕ್‌ಟುಕ್ (ಅಲ್ಲಿನ ಆಟೊ) ಹೋಗಿ ನಿಲ್ಲುವುದು ರತ್ನದ ಅಂಗಡಿ ಮುಂದೆ. ದಿನಕ್ಕೆ ಮುಂಜಾನೆ ಒಂದು ಜಾಗ, ಹನ್ನೊಂದಕ್ಕೆ ಕೋಣೆಗೆ ವಾಪಸು, ನಾಲ್ಕರ ಮೇಲೆ ಮತ್ತೊಂದು. ಇಷ್ಟಕ್ಕಿಂತ ಹೆಚ್ಚು ಹೇರಿಕೊಂಡರೆ ಮೂರನೇ ದಿನ ಇಬ್ಬರಲ್ಲೊಬ್ಬರು ಮಲಗುತ್ತಾರೆ.

ಶಾಕಾಹಾರಿಗಳು ಬ್ಯಾಂಕಾಕಿನಲ್ಲಿ ಬರೀ 'ವೆಜ್' ಎಂದರೆ ಸಾಲದು. ಕಾಯಿಪಲ್ಲೆಯ ಪಲ್ಯಕ್ಕೂ ಮೀನಿನ ಸಾಸು, ಸಿಂಪಿಯ ಸಾಸು ಬೀಳುತ್ತದೆ, ಪಪ್ಪಾಯಿ ಕೋಸಂಬರಿಗೆ ಒಣ ಸೀಗಡಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ 'ಜೇ' ಗುರುತಿನ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಅಷ್ಟೇ ಅಲ್ಲ, ಉಳ್ಳಾಗಡ್ಡಿ-ಬಳ್ಳೊಳ್ಳಿಯೂ ಇರುವುದಿಲ್ಲ. ಆ ಗುರುತಿನ ಫೋಟೊ ಫೋನಿನಲ್ಲಿದ್ದರೆ ತೋರಿಸಿ ಕೇಳಬಹುದು. ರೊಟ್ಟಿ-ದಾಲ್ ಬೇಕೆನಿಸಿದ ದಿನ ಭಾರತೀಯರ ಪೇಟೆಯಾದ ಫಹುರತ್‌ಗೆ ಹೋಗಿ. ಸಿಲೋಮ್ ರಸ್ತೆಯ ಮಾರಿಯಮ್ಮನ ಗುಡಿಯೂ ಕೋಣೆಗೆ ದೂರವಲ್ಲ.

ಮುಂದಿನದು ಈ ಪ್ರವಾಸದ ಅತಿ ಒಳ್ಳೆಯ ಭಾಗ, ಹಾಗೆಯೇ ಅತಿ ಹೆಚ್ಚು ಜನ ತಪ್ಪುವ ಭಾಗ. ದಕ್ಷಿಣದ ದೂರದ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್‌ನಿಂದ ಹೊರಡುವುದಿಲ್ಲ, ಕ್ರುಂಗ್ ಥೆಪ್ ಅಪಿವಾಟ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಟ್ಯಾಕ್ಸಿಯವರಿಗೆ 'ರೈಲ್ವೆ ಸ್ಟೇಷನ್' ಎಂದಷ್ಟೇ ಹೇಳಿದರೆ ಹಳೆಯದಕ್ಕೆ ಒಯ್ಯಬಹುದು. ಸಫಾನ್ ತಕ್ಸಿನ್‌ನಿಂದ ಬಿಟಿಎಸ್‌ನಲ್ಲಿ ಸಾಲಾ ಡೇಂಗ್, ಅಲ್ಲಿ ಇಳಿದು ನೆಲದಡಿಯ ಮೆಟ್ರೊ ಎಂಆರ್‌ಟಿಯ ಸಿ ಲೋಮ್, ಅಲ್ಲಿಂದ ನೇರ ಬಾಂಗ್ ಸೂ. ಹೊಸ ನಿಲ್ದಾಣ ಇರುವುದು ಅಲ್ಲಿಯೇ. ಟಿಕೆಟ್ ಥಾಯ್ ರೈಲ್ವೆಯ ವೆಬ್‌ಸೈಟಿನಲ್ಲಿ, ಮಲೇಷ್ಯಾ ಗಡಿಯ ಪಡಂಗ್ ಬೆಸಾರ್‌ವರೆಗೆ, ಎರಡನೇ ದರ್ಜೆ ಎಸಿ ಸ್ಲೀಪರ್. ಕೆಳಗಿನ ಬರ್ತ್ ಅಗಲ, ಕಿಟಕಿ ಅದಕ್ಕೇ, ದರ ಸ್ವಲ್ಪ ಹೆಚ್ಚು. ಮೇಲಿನದು ಇಕ್ಕಟ್ಟು, ಏಣಿ ನೆಟ್ಟಗೆ, ದೀಪ ಕಣ್ಣಿಗೇ ಹೊಡೆಯುತ್ತದೆ. ಮೊಣಕಾಲು ನೋವಿದ್ದರೆ ಎರಡೂ ಕೆಳಗಿನವನ್ನೇ, ಹಜಾರದ ಆಚೆ-ಈಚೆ ತೆಗೆಯಿರಿ. ಹಾಸಿಗೆ ಸಿಬ್ಬಂದಿಯೇ ಹಾಸಿಕೊಡುತ್ತಾರೆ. ಎಸಿ ಜೋರು, ಒಂದು ಶಾಲು ಕೈಯಲ್ಲಿರಲಿ. ರೈಲಿನಲ್ಲಿ ಮದ್ಯ ನಿಷೇಧ.

ಪಡಂಗ್ ಬೆಸಾರ್ ಹೆಸರಿನಲ್ಲಿ ಎರಡು ನಿಲ್ದಾಣ. ಮೊದಲು ಬರುವುದು ಥಾಯ್ ಕಡೆಯದು, ಅಲ್ಲಿ ಇಳಿಯಬೇಡಿ. ರೈಲು ಮುಂದೆ ಗಡಿ ದಾಟಿ ಕೊನೆಗೆ ನಿಲ್ಲುವುದು ಮಲೇಷ್ಯಾ ಕಡೆಯದರಲ್ಲಿ. ಎರಡೂ ದೇಶದ ಇಮಿಗ್ರೇಷನ್ ಆ ಒಂದೇ ಕಟ್ಟಡದಲ್ಲಿದೆ. ಥಾಯ್ ನಿರ್ಗಮನ, ಮಲೇಷ್ಯಾ ಪ್ರವೇಶ ಎರಡೂ ಮುಗಿಸಿಯೇ ಹೊರಬನ್ನಿ. ಗಡಿಯಾರ ಒಂದು ತಾಸು ಮುಂದೆ ಮಾಡಿ, ಇಲ್ಲದಿದ್ದರೆ ಮುಂದಿನ ರೈಲು ಕಣ್ಣೆದುರೇ ಹೋಗುತ್ತದೆ. ಅಲ್ಲಿಂದ ಬಟರ್‌ವರ್ತ್‌ಗೆ ಕೊಮ್ಯೂಟರ್ ರೈಲು, ಎರಡು ತಾಸಿಗೂ ಒಂದಿಷ್ಟು ಕಡಿಮೆ. ಮುಂಗಡ ಟಿಕೆಟ್ ಬೇಡ, ಆದರೆ ಮಲೇಷ್ಯಾದ ಹಣವಾದ ರಿಂಗಿಟ್‌ನ ಸ್ವಲ್ಪ ನೋಟು ಬ್ಯಾಂಕಾಕಿನಲ್ಲೇ ಬದಲಿಸಿಕೊಂಡಿರಿ. ಬಟರ್‌ವರ್ತ್ ನಿಲ್ದಾಣಕ್ಕೆ ಅಂಟಿಕೊಂಡೇ ದೋಣಿಗಟ್ಟೆ, ಕಾಲು ಗಂಟೆಯೊಳಗೆ ಪೆನಾಂಗ್ ದ್ವೀಪದ ಜಾರ್ಜ್ ಟೌನ್.

ಜಾರ್ಜ್ ಟೌನ್ 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಆದರೆ ಅಲ್ಲಿ ಏನನ್ನೂ ಪಟ್ಟಿ ಹಿಡಿದು ನೋಡಬೇಕಿಲ್ಲ. ಅಂಗಡಿಗಳ ಮುಂದೆ ನೆರಳಿನ ಜಗಲಿ ಉದ್ದಕ್ಕೂ ಇದೆ, ಅದರಡಿ ನಡೆಯುವುದೇ ಕೆಲಸ. ಲಿಟ್ಲ್ ಇಂಡಿಯಾದ ಮಹಾಮಾರಿಯಮ್ಮನ್ ಗುಡಿ 1833ರದು. ಬೆಟ್ಟದ ರೈಲಿಗೆ 204ನೇ ಬಸ್ಸು, ಕೆಕ್ ಲೋಕ್ ಸಿ ಬೌದ್ಧ ದೇಗುಲವೂ ಅದೇ ದಾರಿಯಲ್ಲಿ. ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೊಡುವುದಿಲ್ಲ. ಪರೋಟದಂಥ ರೊಟಿ ಚನಾಯ್ ಸಾಮಾನ್ಯವಾಗಿ ಶಾಕಾಹಾರವೇ, ಜೊತೆಗೆ ಬರುವ ಸಾರು ಮೀನಿನದಲ್ಲ ಎಂದು ಕೇಳಿಕೊಳ್ಳಿ. ಸಂಬಲ್ ಎಂಬ ಖಾರದ ಚಟ್ನಿಯಲ್ಲಿ ಸಾಮಾನ್ಯವಾಗಿ ಸೀಗಡಿ ಇರುತ್ತದೆ.

ಕ್ವಾಲಾಲಂಪುರಕ್ಕೆ ಬಟರ್‌ವರ್ತ್‌ನಿಂದ ಇಟಿಎಸ್ ರೈಲು, ನಾಲ್ಕು ತಾಸಿನ ಆಸುಪಾಸು. ಶನಿವಾರ, ಭಾನುವಾರದ್ದು ಬೇಗ ತುಂಬುತ್ತದೆ. ಕೋಣೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಹಿಡಿದರೆ ಕೆಎಲ್ ಸೆಂಟ್ರಲ್ ನಿಲ್ದಾಣ ನಡಿಗೆಯ ದೂರ, ಬಾಳೆಲೆ ಊಟ ಬಾಗಿಲಲ್ಲೇ. ಮುರುಗನ್ ಗುಡಿಯ ಗುಹೆ ಬಟು ಕೇವ್ಸ್‌ಗೂ ಅಲ್ಲಿಂದಲೇ ಕೊಮ್ಯೂಟರ್ ರೈಲು. 272 ಮೆಟ್ಟಿಲು, ಬೆಳಗ್ಗೆ ಎಂಟರೊಳಗೆ ಹತ್ತಿಬಿಡಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಮಂಗ ಕಸಿಯುತ್ತದೆ. ಪೆಟ್ರೊನಾಸ್ ಗೋಪುರ ಸೋಮವಾರ ಹತ್ತಲು ಬಿಡುವುದಿಲ್ಲ. ಕೆಳಗಿನ ಉದ್ಯಾನದಿಂದ ರಾತ್ರಿ ನೋಡುವುದೇ ಚಂದ, ಪುಕ್ಕಟೆ ಕೂಡ.

ಸಿಂಗಾಪುರಕ್ಕೆ ಬಸ್ಸು ಹಿಡಿಯುವುದು ಕ್ವಾಲಾಲಂಪುರದ ದೂರದ ಬಸ್ಸುಗಳ ಟಿಬಿಎಸ್ ನಿಲ್ದಾಣದಿಂದ. ಮಂಗಳವಾರ, ಬುಧವಾರ ಹೋದರೆ ಐದಾರು ತಾಸು. ಶುಕ್ರವಾರ ಸಂಜೆ, ಭಾನುವಾರ ಸಂಜೆ ಗಡಿಯ ಸೇತುವೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೋ ಲೆಕ್ಕವಿಲ್ಲ. ಪಾಸ್‌ಪೋರ್ಟ್ ತಪಾಸಣೆಗೆ ಎರಡು ಕಡೆ ಇಳಿಯಬೇಕು, ಸಿಂಗಾಪುರದ ಕಡೆ ಸಾಮಾನೆಲ್ಲ ಇಳಿಸಿ ಸ್ಕ್ಯಾನ್ ಮಾಡಿಸಬೇಕು. ಇಳಿಯುವ ಮೊದಲು ಬಸ್ಸಿನ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಒಂದೇ ಬಣ್ಣದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ತಡವಾದವರಿಗೆ ಬಹಳ ಕಾಯುವುದೂ ಇಲ್ಲ.

ಸಿಂಗಾಪುರದ ಮೆಟ್ರೊ, ಬಸ್ಸುಗಳಲ್ಲಿ ನಮ್ಮ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹೋಗಬಹುದು. ಆದರೆ ಒಂದು ಕಾರ್ಡಿಗೆ ಒಬ್ಬರೇ. ಗಂಡ ತಾಗಿಸಿ ಒಳಹೋಗಿ ಅದೇ ಕಾರ್ಡನ್ನು ಹೆಂಡತಿಗೆ ಕೊಟ್ಟರೆ ಗೇಟು ತೆರೆಯುವುದಿಲ್ಲ. ಒಳಗೆ ಕಾರ್ಡ್ ತಾಗಿಸಿ ಹೊರಗೆ ಅದೇ ಕಾರ್ಡಿನ ಫೋನ್ ತಾಗಿಸಿದರೂ ಯಂತ್ರಕ್ಕೆ ಅವು ಎರಡು ಬೇರೆ. ವಿದೇಶಿ ಕಾರ್ಡ್ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ ಶುಲ್ಕ ಇದೆ, ದೊಡ್ಡದೇನಲ್ಲ. ರೈಲಿನಲ್ಲಿ ತಿನ್ನುವುದು, ನೀರು ಕುಡಿಯುವುದು ಕೂಡ ದಂಡಕ್ಕೆ ದಾರಿ. ತಿಂಡಿ ಅಂಗಡಿಗಳ ಸಂತೆಯಂಥ ಹಾಕರ್ ಸೆಂಟರಿನಲ್ಲಿ ಉಂಡ ತಟ್ಟೆ ನೀವೇ ಎತ್ತಿ ಇಡಬೇಕು. ಸೆರಂಗೂನ್ ರಸ್ತೆಯ ಸುತ್ತ ಊಟಕ್ಕೆ ಚಿಂತೆಯಿಲ್ಲ, ಕೋಮಲಾ ವಿಲಾಸ್ 1947ರಿಂದ ನಡೆಯುತ್ತಿದೆ. ಬೊಟಾನಿಕ್ ಗಾರ್ಡನ್ ಪುಕ್ಕಟೆ, ಗಾರ್ಡನ್ಸ್ ಬೈ ದ ಬೇಯ ದೀಪದ ಆಟವೂ ಪುಕ್ಕಟೆ, ರಾತ್ರಿ 7:45 ಮತ್ತು 8:45ಕ್ಕೆ. ಕೋಣೆಯ ದರ ಮಾತ್ರ ಕ್ವಾಲಾಲಂಪುರದ ಎರಡು ಮೂರು ಪಟ್ಟು, ಅದಕ್ಕೇ ಇಲ್ಲಿ ಮೂರೇ ರಾತ್ರಿ.

ಸಿಂಗಾಪುರವನ್ನು ಕೊನೆಗೆ ಇಡಲು ಇನ್ನೊಂದು ಕಾರಣ ಖರೀದಿ. ಅಲ್ಲಿನ 9 ಪ್ರತಿಶತ ಜಿಎಸ್‌ಟಿ ಪ್ರವಾಸಿಗರಿಗೆ ವಾಪಸು ಸಿಗುವುದು ವಿಮಾನದಲ್ಲಿ ಹೊರಟವರಿಗೆ ಮಾತ್ರ, ರಸ್ತೆಯಲ್ಲಿ ದಾಟಿದವರಿಗಿಲ್ಲ. ಈ ತೆರಿಗೆ ವಾಪಸಿನ ಯೋಜನೆಯಲ್ಲಿರುವ ಅಂಗಡಿಯಲ್ಲಿ ಕನಿಷ್ಠ 100 ಡಾಲರಿನದು ಕೊಂಡಿರಬೇಕು, ಬಿಲ್ ಮಾಡಿಸುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲ್, ಊಟದ ಬಿಲ್ಲಿಗೆ ಇದು ಅನ್ವಯಿಸುವುದಿಲ್ಲ. ಚಾಂಗಿ ನಿಲ್ದಾಣದಲ್ಲಿ ದೊಡ್ಡ ಬ್ಯಾಗ್ ಚೆಕ್-ಇನ್‌ಗೆ ಕೊಡುವ ಮೊದಲೇ ಹೊರಗಿನ ಜಿಎಸ್‌ಟಿ ಯಂತ್ರದಲ್ಲಿ ಅರ್ಜಿ ಹಾಕಿ. ಕಸ್ಟಮ್ಸ್‌ನವರು ಸಾಮಾನು ತೋರಿಸಿ ಎಂದರೆ ಅದು ಅಷ್ಟರಲ್ಲಿ ವಿಮಾನದ ಹೊಟ್ಟೆ ಸೇರಿರಬಾರದು. ಹಣ ಕಾರ್ಡಿಗೇ ಹಾಕಿಸಿಕೊಳ್ಳಿ, ನಗದಿನ ಕೌಂಟರಿನ ಸಾಲು ಉದ್ದ.