ಕಾಯುವವರು ಹೋಗಿ ನೋಡಬೇಕು

ಹವಾಯಿಯಲ್ಲಿ ಕಹೋಲವೆ ಅಂತ ಒಂದು ದ್ವೀಪ ಇದೆ. ಅದರ ಕತೆ ಓದಿದಾಗಿನಿಂದ ನನಗೆ ಮುರ್ಡೇಶ್ವರದ ಕಡಲಲ್ಲಿರುವ ನಮ್ಮ ನೇತ್ರಾಣಿ ದ್ವೀಪದ್ದೇ ಯೋಚನೆ.

1941ರಲ್ಲಿ, ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ, ಅಮೆರಿಕದ ಸೇನೆ ಆ ದ್ವೀಪವನ್ನು ತನ್ನ ವಶಕ್ಕೆ ತೆಗೆದುಕೊಂಡು ಬಾಂಬ್ ಹಾಕುವ ಅಭ್ಯಾಸಕ್ಕೆ ಇಟ್ಟುಕೊಂಡಿತು. ಯುದ್ಧ ಮುಗಿಯಿತು, ಬಾಂಬ್ ನಿಲ್ಲಲಿಲ್ಲ. 1965ರಲ್ಲಿ 500 ಟನ್ ಸಿಡಿಮದ್ದು ರಾಶಿ ಹಾಕಿ ಸಿಡಿಸಿದರು. ಅಲ್ಲಿನ ಮೂಲ ಜನರಿಗೆ ಅದು ಕನಲೋವ ಎಂಬ ಕಡಲ ದೇವರ ಜಾಗ, ಮೀನುಗಾರರು ಪೂಜೆ ಮಾಡುತ್ತಿದ್ದ ಕಲ್ಲುಗಳು ಇನ್ನೂ ಅಲ್ಲಿವೆ. 1976ರಲ್ಲಿ ಕೆಲವರು ದೋಣಿಯಲ್ಲಿ ಹೋಗಿ ದ್ವೀಪದ ಮೇಲೆ ಇಳಿದೇಬಿಟ್ಟರು. ಮರುವರ್ಷ ಇದೇ ಹೋರಾಟದಲ್ಲಿ ಜಾರ್ಜ್ ಹೆಲ್ಮ್, ಕಿಮೋ ಮಿಚೆಲ್ ಎಂಬಿಬ್ಬರು ಸಮುದ್ರದಲ್ಲಿ ಕಾಣೆಯಾದರು. ಬಾಂಬ್ ನಿಂತದ್ದು 1990ರಲ್ಲಿ. ಆಮೇಲೆ ಹತ್ತು ವರ್ಷ, ಸುಮಾರು 40 ಕೋಟಿ ಡಾಲರ್ ಖರ್ಚು ಮಾಡಿ ಸಿಡಿಯದೆ ಬಿದ್ದ ಮದ್ದುಗುಂಡು ಗುಡಿಸಿದರೂ ದ್ವೀಪದ ಕಾಲು ಭಾಗ ಹಾಗೇ ಉಳಿಯಿತು. ಈಗ ಅಲ್ಲಿ ಯಾವ ವ್ಯಾಪಾರಕ್ಕೂ ಅವಕಾಶವಿಲ್ಲ. ಮೂಲ ಜನರದ್ದೇ ಒಂದು ಸರ್ಕಾರ ಆದ ದಿನ ಅವರ ಕೈಗೆ ಕೊಡಬೇಕು, ಅಲ್ಲಿಯವರೆಗೆ ರಾಜ್ಯ ಕಾಯಬೇಕು ಅಂತ ಕಾನೂನೇ ಹೇಳುತ್ತದೆ.

ನಮ್ಮ ನೇತ್ರಾಣಿಯೂ ನೌಕಾಪಡೆಯ ಗುಂಡಿಗೆ ಗುರಿಯಾದ ದ್ವೀಪವೇ. ಹವಳ ಇರುವ, ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ, ಮೀನುಗಾರರು ಹರಕೆ ಹೊತ್ತು ಹೋಗುವ ಗುಡ್ಡ ಅದು. ದೇಶ ಕಾಯುವ ಕೆಲಸ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಕಾರವಾರ, ಅಂಕೋಲಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ, ದೇವಸ್ಥಾನ, ಬಲೆ ಹಾಕುವ ದಡ ಎಲ್ಲ ಬಿಟ್ಟು ಬಂದವರು ನಮ್ಮಲ್ಲೇ ಇದ್ದಾರೆ. ನಾನು ಕೇಳುವುದು ಇಷ್ಟೇ: ಜಾಗ ಕೊಟ್ಟ ಮೇಲೆ ಸರ್ಕಾರದ ಕೆಲಸ ಮುಗಿಯಿತಾ?

ಇಲ್ಲ ಅಂತ ಹವಾಯಿಯ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಪೊಹಕುಲೋವ ಅನ್ನುವಲ್ಲಿ ಸುಮಾರು 23,000 ಎಕರೆಯನ್ನು 1964ರಲ್ಲಿ ಸೇನೆಗೆ 65 ವರ್ಷದ ಗೇಣಿಗೆ ಕೊಟ್ಟಿದ್ದರು. ಗೇಣಿ ಎಷ್ಟು ಗೊತ್ತಾ, ಒಂದು ಡಾಲರ್! ವರ್ಷಕ್ಕಲ್ಲ, ಪೂರ್ತಿ 65 ವರ್ಷಕ್ಕೆ. ಬಳಸಿದ ಮದ್ದುಗುಂಡು ತೆಗೆದು ಜಾಗ ಸ್ವಚ್ಛ ಮಾಡಲು ಆದಷ್ಟೂ ಪ್ರಯತ್ನಿಸಬೇಕು ಅಂತ ಷರತ್ತಿತ್ತು. ಷರತ್ತು ಪಾಲಿಸುತ್ತಿದ್ದಾರಾ ಅಂತ ರಾಜ್ಯ ಸರ್ಕಾರ ಸರಿಯಾಗಿ ನೋಡಲೇ ಇಲ್ಲ. ಇಬ್ಬರು ಮೂಲ ಹವಾಯಿಯನ್ನರು ಕೋರ್ಟಿಗೆ ಹೋದರು. ಜನರ ಪರವಾಗಿ ಜಾಗ ಇಟ್ಟುಕೊಂಡವರು ಅದು ಹಾಳಾಗುತ್ತಿದೆಯಾ ಅಂತ ಹೋಗಿ ನೋಡಲೇಬೇಕು, ನೋಡದಿದ್ದದ್ದೇ ತಪ್ಪು ಅಂತ ತೀರ್ಪು ಬಂತು. ನನಗೆ ಈ ತೀರ್ಪು ತುಂಬಾ ದೊಡ್ಡದು ಅನಿಸುತ್ತದೆ. ಹಾನಿಯಾಗಿದೆ ಅಂತ ಸಾಬೀತು ಮಾಡುವ ಹೊರೆಯನ್ನು ಬಡ ಮೀನುಗಾರನ ತಲೆ ಮೇಲೆ ಹಾಕಿ ಕೂರುವ ಹಾಗಿಲ್ಲ, ಅಲ್ವಾ?

ಅಲ್ಲಿ ಎಲ್ಲ ಸರಿಹೋಗಿದೆ ಅಂತಲ್ಲ. ಮೂಲ ಜನರಿಗೆ ಪವಿತ್ರವಾದ ಮೌನ ಕಿಯ ಬೆಟ್ಟದ ತುದಿಯಲ್ಲಿ ದೊಡ್ಡ ದೂರದರ್ಶಕ ಕಟ್ಟಲು ಹೊರಟಾಗ 2019ರಲ್ಲಿ ಮುದುಕರೇ ರಸ್ತೆಗೆ ಅಡ್ಡ ಕೂತು ಬಂಧನಕ್ಕೊಳಗಾದರು. ಆದರೆ ಅವರ ಕೈಯಲ್ಲಿ ಹಿಡಿಯಲು ಕಾನೂನು ಇದೆ. ಕಾಡು, ಕಡಲಿನಿಂದ ತಲೆತಲಾಂತರದಿಂದ ತರುತ್ತಿದ್ದುದನ್ನು ತರುವ ಹಕ್ಕು 1978ರಿಂದ ಅವರ ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಕೌಆಯಿ ದ್ವೀಪದ ಹಾಏನ ಊರಿನವರು ತಮ್ಮ ದಡದ ಮೀನುಗಾರಿಕೆಗೆ ಸರ್ಕಾರದ ಜೊತೆ ಕೂತು ಮಾಡಿದ ನಿಯಮ 2015ರಲ್ಲಿ ಕಾನೂನೇ ಆಯಿತು.

ನಮ್ಮ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಪಟ್ಟ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ, ಸಿಕ್ಕಿತು. ಖುಷಿಯ ವಿಷಯವೇ. ಆದರೆ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು ಆ ಅಳಿವೆಯನ್ನು ಯಾವ ಅಧಿಕಾರಿಗಿಂತಲೂ ಜಾಸ್ತಿ ಬಲ್ಲವರು. ಎಷ್ಟು ತೆಗೆಯಬೇಕು, ಯಾವಾಗ ಬಿಡಬೇಕು, ಮರಳು ತೆಗೆದರೆ ಏನಾಗುತ್ತದೆ ಅಂತ ನಿಯಮ ಬರೆಯುವ ಮೇಜಿನಲ್ಲಿ ಅವರಿಗೆ ಕುರ್ಚಿ ಬೇಕು. ನೇತ್ರಾಣಿಗೂ ಹಾಗೆಯೇ. ನೀರಿನಡಿಯಲ್ಲಿ ಏನೇನು ಬಿದ್ದಿದೆ, ಹವಳ ಹೇಗಿದೆ ಅಂತ ಸರ್ಕಾರ ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದು ಭಟ್ಕಳ, ಮುರ್ಡೇಶ್ವರದ ಮೀನುಗಾರರ ಕೈಗೆ ಕೊಡಲಿ.